ಕಿರಿಯವಳ ಬೀರು

"ಟಾರ್ಚು ಸ್ವಲ್ಪ ಮೇಲೆ ಹಿಡಿಯೇ. ಬೆಳಕೆಲ್ಲ ನನ್ನ ಕಿವಿ ಮೇಲೆ ಬೀಳ್ತಿದೆ."

ಹಿರಿ ಸೊಸೆ ಕೈ ಎತ್ತಿದಳು. ಅವಳ ಗಂಡ, ಮೈದುನನ ಕೋಣೆಯ ಬಟ್ಟೆ ಬೀರುವಿನೊಳಗೆ ಅರ್ಧ ಮೈ ತೂರಿಸಿ ಕೂತಿದ್ದ. ವೈರಿಂಗ್ ಕೆಲಸದವನ ಹೆಂಡತಿಯಾಗಿ ಅವಳು ಇಪ್ಪತ್ತು ವರ್ಷದಿಂದ ಎಷ್ಟೋ ಸಲ ಹೀಗೆ ಟಾರ್ಚು ಹಿಡಿದಿದ್ದಾಳೆ. ಆದರೆ ವಾರಗಿತ್ತಿಯ ಬೀರುವಿಗೆ ದೀಪ ಹಾಕಲು ತಾನೇ ಬೆಳಕು ಹಿಡಿದು ನಿಂತದ್ದು ಇದೇ ಮೊದಲು.

ತನ್ನ ಬೀರುವಿಗೊಂದು ದೀಪ ಹಾಕಿಕೊಡಿ ಎಂದು ಅವಳು ಕೇಳಿ ಆರು ವರ್ಷವಾಗಿತ್ತು. "ಬಿಡುವಾದಾಗ ನೋಡೋಣ" ಎಂದಿದ್ದ. ಆ ಬಿಡುವು ಕಿರಿಯವಳಿಗಾಗಿ ಕಾದು ಕೂತಿತ್ತೆಂದು ಈಗ ಗೊತ್ತಾಯಿತು. "ಭಾವ, ಬೆಳಗ್ಗೆ ಆರಕ್ಕೆ ಡ್ಯೂಟಿ, ಬೀರು ಒಳಗೆ ಏನೂ ಕಾಣಲ್ಲ" ಎಂದು ಕಿರಿಯವಳು ಸೋಮವಾರ ಹೇಳಿದ್ದಳು. ಭಾನುವಾರ ಕೆಲಸ ಮುಗಿಯಿತು.

ಅವನು ಬಾಗಿಲು ತೆರೆದರೆ ಬಟ್ಟೆಗಳೆಲ್ಲ ಬಿಳಿ ಬೆಳಕಿನಲ್ಲಿ ಎದ್ದು ನಿಂತವು. ಮುಚ್ಚಿದರೆ ಆರಿತು.

"ಅಂಗಡಿ ಶೋಕೇಸ್ ಥರ ಇದೆ ಭಾವ," ಎಂದಳು ಕಿರಿಯವಳು.

"ಬೆಲೆ ಚೀಟಿನೂ ಅಂಟಿಸಿಬಿಡು," ಎಂದಳು ಹಿರಿಯವಳು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೈಯಲ್ಲಿದ್ದ ಟಾರ್ಚನ್ನು ಮಾತ್ರ ಠಪ್ಪೆಂದು ಆರಿಸಿದಳು.

ಕಿರಿಯವಳಿಗೆ ಓದಿತ್ತು, ಆಸ್ಪತ್ರೆಯಲ್ಲಿ ಕೆಲಸವಿತ್ತು, ಮಾತಿಗೆ ಮೊದಲು ನಗುವಿತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಬರುತ್ತಿರಲಿಲ್ಲ. ಹಿರಿಯವಳು ಹಿಡಿದುಕೊಂಡಿದ್ದು ಅದೊಂದನ್ನೇ. ಹಜಾರದ ಮೂಲೆಯಲ್ಲಿ, ಹಳದಿ ಬಲ್ಬಿನ ಕೆಳಗಿದ್ದ ಅವಳ ಹೊಲಿಗೆ ಮಿಷನ್ನಿಗೆ ಆ ಬೀದಿಯಲ್ಲಿ ಎದುರಿರಲಿಲ್ಲ. ಕಿರಿಯವಳ ಕಡುನೀಲಿ ಸಮವಸ್ತ್ರದ ಅಂಗಿಗಳೆಲ್ಲ ಅವಳ ಕೈಯವೇ. "ಅಕ್ಕ ಹೊಲಿದ್ರೇನೇ ನನಗೆ ಸರಿ" ಎಂದು ಆ ಹುಡುಗಿ ಅಂದದ್ದನ್ನು ಅವಳು ಬಂದವರಿಗೆಲ್ಲ ಹೇಳಿಕೊಂಡಿದ್ದಳು.

ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ದೀಪದ ಪಟ್ಟಿ ಅಂಟು ಬಿಟ್ಟು ಜೋತಾಡುತ್ತಿದ್ದರೆ ನೋಡೋಣ ಎಂಬ ಆಸೆಯಿಂದ ಅವಳು ಆ ಕೋಣೆಗೆ ಹೋಗಿ ಬೀರು ತೆರೆದಳು. ಪಟ್ಟಿ ಗಟ್ಟಿಯಾಗಿಯೇ ಕೂತಿತ್ತು. ಬೆಳಕು ಕಣ್ಣಿಗೆ ಹೊಡೆಯಿತು. ಎದುರಿಗೇ ಹೋದ ವಾರ ಹೊಲಿದುಕೊಟ್ಟ ಹೊಸ ಅಂಗಿ ತೂಗುತ್ತಿತ್ತು. ಅದರ ಅಂಚಿನುದ್ದಕ್ಕೂ ಕಪ್ಪು ಗೆರೆ ಎಳೆದಂತಿತ್ತು.

ಅವಳು ಅಂಗಿಯನ್ನು ಬೆಳಕಿಗೆ ಹಿಡಿದಳು. ಕಪ್ಪೇ. ನೀಲಿ ಬಟ್ಟೆಗೆ ಕಪ್ಪು ದಾರ ಹಾಕಿದ್ದಳು. ಬಲ್ಬಿನ ಕೆಳಗೆ ಎರಡೂ ಒಂದೇ ಆಗಿ ಕಂಡಿದ್ದವು. ಮೊದಲಾಗಿದ್ದರೆ ಬಲ್ಬೂ ಬೇಡ, ಕಿಟಕಿಯೂ ಬೇಡ, ಮುಟ್ಟಿಯೇ ಹೇಳುತ್ತೇನೆ ಎನ್ನುತ್ತಿದ್ದಳು.

ಪಕ್ಕದ ಅಂಗಿ ತೆಗೆದಳು. ಅದರಲ್ಲಿ ದಾರ ಸರಿಯಾಗಿ ನೀಲಿಯೇ ಇತ್ತು, ಆದರೆ ಹೊಲಿಗೆ ಮಿಷನ್ನಿನದಲ್ಲ. ಒಂದು ಉದ್ದ, ಒಂದು ಗಿಡ್ಡ, ನಡುವೆ ಗಂಟು. ಅದರಾಚೆಯದೂ ಹಾಗೆಯೇ, ಅದರಾಚೆಯದೂ. ಯಾರೋ ಅವಳ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದರು. ತನ್ನ ಬೆನ್ನ ಹಿಂದೆ ಬೇರೆ ಟೈಲರ್ ಹತ್ತಿರ ಹೋಗಿದ್ದಾಳೆ ಎಂದುಕೊಂಡು ಅಂಗಿಗಳನ್ನೆಲ್ಲ ಹಾಸಿಗೆಯ ಮೇಲೆ ಎಳೆದು ಹಾಕಿದಳು.

"ಅಕ್ಕ?"

ಕಿರಿಯವಳು ಚಪ್ಪಲಿ ಕಳಚಿ ಬಾಗಿಲಲ್ಲಿ ನಿಂತಿದ್ದಳು. ಹಾಸಿಗೆಯ ಮೇಲೆ ಅಂಗಿಗಳು ಹರಡಿ ಬಿದ್ದಿದ್ದವು.

"ಇವನ್ನ ಯಾರ ಹತ್ರ ಕೊಟ್ಟಿದ್ದೆ?"

"ಯಾರ ಹತ್ರಾನೂ ಇಲ್ಲ."

"ಮತ್ತೆ ಇಷ್ಟು ಹಾಳು ಹೊಲಿಗೆ ಯಾರದು?"

"ನಂದೇ," ಎಂದಳು ಅವಳು. "ಕಪ್ಪು ದಾರ ಬಿಚ್ಚಿ ನೀಲಿ ಹಾಕೋಷ್ಟರಲ್ಲಿ ಬೆರಳೆಲ್ಲ ಚುಚ್ಕೊಂಡೆ. ಹೊಸದನ್ನ ಈ ಭಾನುವಾರ ಮಾಡೋಣ ಅಂತಿದ್ದೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ನೀವು ಮಿಷನ್ ಮುಚ್ಚಿ ಬಟ್ಟೆ ಹೊದಿಸಿಬಿಡ್ತಿದ್ರಿ."

"ನಿಮ್ಮ ಭಾವನಿಗೆ ಹೇಳಿದೀಯಾ?"

"ಇಲ್ಲ ಅಕ್ಕ. ಯಾರಿಗೂ ಇಲ್ಲ."

ಹಿರಿಯವಳು ಆ ಡೊಂಕು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. ದಾರ ಬಟ್ಟೆಯಲ್ಲಿ ಕರಗಿಹೋಗಿತ್ತು. ಇಷ್ಟು ಸರಿಯಾದ ಬಣ್ಣ ಆರಿಸಲು ತಾನೀಗ ಅಂಗಡಿಯವನನ್ನು ಕೇಳಬೇಕು. ಈ ಹುಡುಗಿಗೆ ಆ ಕಣ್ಣೂ ಇತ್ತು.

"ಇದು ಹೊಲಿಗೆಯಲ್ಲ, ಇರುವೆ ಸಾಲು," ಎಂದಳು. ಅಂಗಿ ಮಡಿಚಿಟ್ಟು, "ಹೋಗಿ ನನ್ನ ದಾರದ ಡಬ್ಬ ತಗೊಂಡು ಬಾ," ಎಂದಳು.

ಇಬ್ಬರೂ ಬೀರುವಿನ ಮುಂದೆ ನೆಲದ ಮೇಲೆ ಕೂತರು. ಬಾಗಿಲು ತಾನಾಗಿ ವಾಲಿ ಮುಚ್ಚಿಕೊಳ್ಳಲು ಬರುತ್ತಿತ್ತು. ಕಿರಿಯವಳು ಅದಕ್ಕೆ ಬೆನ್ನು ಕೊಟ್ಟಳು. ಹಿರಿಯವಳು ಡಬ್ಬ ಬೋರಲು ಹಾಕಿ, ಒಂದೊಂದೇ ಉಂಡೆಯನ್ನು ದೀಪಕ್ಕೆ ಹಿಡಿದು ನೋಡಿ, ಕೆಳಗಿನ ಹಲಗೆಯ ಮೇಲೆ ಸಾಲಿಡತೊಡಗಿದಳು. ಎಡಕ್ಕೆ ನೀಲಿ, ಬಲಕ್ಕೆ ಕಪ್ಪು. ಒಂದು ಉಂಡೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಕೇಳಲಿಲ್ಲ. ಬಲಕ್ಕಿಟ್ಟಳು.

ಕಿರಿಯವಳು ಕೈ ಚಾಚಿ ಅದನ್ನು ಎಡಕ್ಕೆ ಸರಿಸಿದಳು. ಹಿರಿಯವಳು ಆ ಕಡೆ ನೋಡದೆ ಮುಂದಿನ ಉಂಡೆ ಎತ್ತಿಕೊಂಡಳು.