ಹೆಸರು ಹೇಳದ ಸೊಪ್ಪು

"ಲಾಂಟಾನ ತಂದಿದ್ದೀಯಲ್ಲವ್ವ! ಇದನ್ನ ಅರೆದು ಅಚ್ಚುದ್ರೆ ಪಕ್ಕದೆತ್ತು ನೆಕ್ಕಂಡು ಗೊಟಕ್ ಅಂತದೆ!"

ಜಗಲಿಯ ಮೇಲೆ ಉಳುಕಿದ ಕಾಲು ನೀಡಿಕೊಂಡು ಕೂತಿದ್ದ ಮಂಚಮ್ಮ ಹಣೆ ಚಚ್ಚಿಕೊಂಡಳು. ಸೊಸೆ ಶಾಂತಿ ಮಡಿಲಲ್ಲಿದ್ದ ಸೊಪ್ಪನ್ನು ತಿಪ್ಪೆಗೆ ಸುರಿದಳು.

"ಬೇಲೀಲಿರ್ತದೆ, ನಾತ ಬತ್ತದೆ ಅಂದ್ರಿ, ಅದ್ನೇ ತಂದೆ. ಎಸ್ರು ಯೇಳ್ಬುಟ್ರೆ ಮುಗೀತಿತ್ತು, ಅತ್ತೆ."

"ಎಸ್ರು ಬಾಯಿಗೆ ಬಂದ್ರೆ ಔಸ್ದಿ ಕೆಲ್ಸ ಮಾಡಕಿಲ್ಲ ಕಣೆ. ನಮ್ಮತ್ತೆ ನಂಗೂ ಯೇಳ್ಲಿಲ್ಲ. ಇತ್ಲ ಬಾಗ್ಲಲ್ಲಿ ನಿಂತು ಕದ್ದು ನೋಡಿ ಕಲ್ತೆ."

ಯುಗಾದಿ ಹತ್ತಿರ ಬಂದಿತ್ತು. ಹಬ್ಬ ಕಳೆದ ಮೇಲೆ ಊರಿನ ಮೊದಲ ಉಳುಮೆ, ಹೊನ್ನಾರು. ಪಂಚಾಂಗ ನೋಡಿ ಯಾರ ಹೆಸರು ಬರುತ್ತದೋ ಅವರ ಎತ್ತು ಮುಂದೆ. ಈ ಸಲ ಮಗ ನಂಜುಂಡಸ್ವಾಮಿಯ ಹೆಸರು ಬಂದಿತ್ತು. ಮಂಚಮ್ಮ ಈ ಮನೆಗೆ ಬಂದಂದಿನಿಂದ ಇದೇ ಮೊದಲು. ಆದರೆ ಕಬ್ಬಿನ ಗಾಡಿ ಎಳೆದೂ ಎಳೆದೂ ಎಡದೆತ್ತಿನ ಹೆಗಲು ಹುಣ್ಣಾಗಿತ್ತು. ಡಾಕ್ಟರು ಕೊಟ್ಟ ಮುಲಾಮನ್ನು ಜೊತೆಯ ಎತ್ತು ರುಚಿ ಹಿಡಿದು ನೆಕ್ಕಿಬಿಡುತ್ತಿತ್ತು.

ಎದುರುಮನೆಯ ಕಾಂತರಾಜು ಬೈಕು ನಿಲ್ಲಿಸಿದ. "ದೊಡ್ಡವ್ವ, ಎತ್ತಿಗೆ ವಾಸಿ ಆಗ್ದಿದ್ರೆ ಬುಡು. ನನ್ ಟ್ರಾಕ್ಟರ್‌ಗೇ ಅರಿಶ್ನ ಕುಂಕ್ಮ ಇಕ್ಕಿ ಒನ್ನಾರು ಊಡ್ತೀನಿ."

"ಅಂಗೇ ಒಬ್ಬಟ್ಟೂ ತಿನ್ಸು ಅದ್ಕೆ, ಓಗ್ಲಾ!"

ಅವನು ಹೋದ ಮೇಲೆ ಮಂಚಮ್ಮ ಸೊಸೆಯನ್ನು ಹತ್ತಿರ ಕರೆದಳು. "ಪಾಪು ಉಟ್ಟುದಾಗ ನಿನ್ ಸ್ನಾನದ ನೀರಿಗೆ ಏನಾಕಿ ಕುದುಸ್ತಿದ್ದೆ? ಗೆಪ್ತಿ ಮಾಡ್ಕೊ."

ಬೆನ್ನಿಗೆ ಬೀಳುತ್ತಿದ್ದ ಬಿಸಿನೀರು, ಬಚ್ಚಲು ತುಂಬಿದ್ದ ಘಾಟು ಶಾಂತಿಗೆ ನೆನಪಾಯಿತು. "ಓ, ಲ..." ಅನ್ನುವಷ್ಟರಲ್ಲಿ ಅತ್ತೆಯ ಅಂಗೈ ಬಾಯಿ ಮುಚ್ಚಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಾಲೆಯ ಬದಿಯಿಂದ ಶಾಂತಿ ಮಡಿಲು ತುಂಬ ಸೊಪ್ಪು ತಂದಳು. ಅರೆದು, ರಸ ಹಿಂಡಿ, ಅರಿಶಿನ ಬೆರೆಸಿ ಬೇವಿನೆಣ್ಣೆಯಲ್ಲಿ ಕಾಸಿ ಹಚ್ಚಿದಳು. ಜೊತೆಯ ಎತ್ತು ನಾಲಿಗೆ ತಾಗಿಸಿ, ಮುಖ ಸಿಂಡರಿಸಿ ಆಚೆ ತಿರುಗಿತು. ದಿನಾ ಬೆಳಿಗ್ಗೆ ಅದೇ ಕೆಲಸ. ಹುಣ್ಣು ಒಣಗಿ, ಹೊಸ ಚರ್ಮ ಬಂತು.

ಹೊನ್ನಾರಿನ ದಿನ ನೊಗಕ್ಕೆ ಮಂಚಮ್ಮನ ಹಳೆಯ ಸೀರೆ ಸುತ್ತಿ ಎತ್ತು ಹೂಡಿದರು. ಮುಂದೆ ನಡೆದು ದಾರಿ ಬಿಡಿಸಿದವನು ಕಾಂತರಾಜುವೇ. ಬದುವಿನ ಮೇಲೆ ನಿಂತಿದ್ದ ಊರಿನ ಕರಿಯಯ್ಯ ಶಾಂತಿಯ ಕಡೆ ವಾಲಿದ.

"ಯಾವ ಸೊಪ್ಪವ್ವ ಅದು? ನಮ್ಮೆಮ್ಮೆ ಕಾಲೂ ಉಣ್ಣಾಗ್ಯದೆ."

ಶಾಂತಿ ಅತ್ತೆಯನ್ನೊಮ್ಮೆ ನೋಡಿದಳು. "ಎಸ್ರು ಯೇಳಂಗಿಲ್ಲ ಕಣಣ್ಣ. ನಿಮ್ ಮಗ್ಳು ಬಾಣಂತನಕ್ಕೆ ಬಂದವ್ಳಲ್ಲ, ನೀರಿಗೆ ಏನಾಕ್ತೀರಿ ಅಂತ ಮನೇಲಿ ಕೇಳಿ."

ಸುತ್ತ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕೋಲೂರಿ ಬಂದು ನಿಂತಿದ್ದ ಮಂಚಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಎತ್ತಿನ ಕಡೆಗೇ ನೋಡುತ್ತಿದ್ದಳು.

ಕಾಲು ಸರಿಹೋದ ಮೇಲೆ ಅವಳು ಮೆಲ್ಲಗೆ ನಾಲೆಯವರೆಗೆ ನಡೆದಳು. ಲಕ್ಕಿ ಗಿಡಗಳು ಕೈಗೆಟುಕುವಷ್ಟು ಎತ್ತರದವರೆಗೂ ಬೋಳಾಗಿದ್ದವು. ತುದಿಯಲ್ಲಿ ಮಾತ್ರ ನೀಲಿ ಹೂ ಅಲ್ಲಾಡುತ್ತಿತ್ತು. ಮಂಚಮ್ಮ ಸುತ್ತ ನೋಡಿ, ಒಂದು ಕಡ್ಡಿ ಮುರಿದು, ನೀರಂಚಿನ ಕೆಸರಿಗೆ ಚುಚ್ಚಿದಳು.