ಬೋರಯ್ಯ ಕೆಲಸ ಬಿಟ್ಟ ತಾರೀಖು

"ನಿಮ್ಮಣ್ಣ ಸತ್ತು ಇಪ್ಪತ್ತೊಂಬತ್ತು ವರ್ಷ ಆಗೈತಲ್ಲೇ! ಸತ್ತೋನಿಗೆ ಯಾವ ಜೀಪು, ಯಾವ ಆಸ್ಪತ್ರೆ?"

ಕಾಫಿ ತೋಟದ ರೈಟರ್ ಚಂದ್ರಶೇಖರ ಕಂಪ್ಯೂಟರಿನ ಮುಂದೆ ಕೂತು ಹೀಗಂದು ಹಲ್ಲು ಕಿರಿದ. ಆಫೀಸಿನ ಕಿಟಕಿಯಾಚೆ, ಕಾಫಿ ಒಣಗಿಸುವ ಕಣದಲ್ಲಿ, ನನ್ನಣ್ಣ ಬೋರಯ್ಯ ಗೋಣಿಚೀಲದ ಮೇಲೆ ಬಿದ್ದು ಅರಚುತ್ತಿದ್ದ. ಮರಗಸಿಗೆ ಅಂತ ನೆರಳು ಮರ ಹತ್ತಿ ಕೊಂಬೆ ಕಡಿಯುತ್ತಿದ್ದವನು ಹಗ್ಗ ಹರಿದು ಬಿದ್ದಿದ್ದ. ಬಲದೊಡೆಯ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಅವ್ವ ತನ್ನ ಸೆರಗನ್ನೇ ಹರಿದು ಕಟ್ಟಿದ್ದಳು, ಅದೂ ತೊಯ್ದು ತೊಟ್ಟಿಕ್ಕುತ್ತಿತ್ತು. ಅಣ್ಣನಿಗೆ ಇಪ್ಪತ್ತೇಳು ವರ್ಷ. ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಸತ್ತಿದ್ದಾನೆ ಅಂತ ಆ ಪೆಟ್ಟಿಗೆ ಹೇಳುತ್ತಿತ್ತು. ಅದನ್ನು ಓದಿ ಹೇಳುವುದಕ್ಕೆ ಈ ಬೋಳಿಮಗನಿಗೆ ನಾಚಿಕೆಯೂ ಇರಲಿಲ್ಲ.

"ಸಾರ್, ಅದು ನಮ್ ತಾತನ್ ಹೆಸ್ರು. ಅವ್ರೂ ಬೋರಯ್ಯ, ಇವ್ನೂ ಬೋರಯ್ಯ. ದಿನಾ ಹಾಜರಿ ಹಾಕೋರು ನೀವೇ ಅಲ್ವಾ? ಇವ್ನು ನಿಮ್ಗೆ ಗೊತ್ತಿಲ್ವಾ?"

"ನಂಗ್ ಗೊತ್ತಿದ್ರೆ ಏನ್ ಬಂತು? ಚೀಟಿ ಕೊಡೋದು ನಾನಲ್ಲ ಕಣೇ, ಇದು. ಕೈಚೀಟಿ ಬರೆದ್ರೆ ಸಾವ್ಕಾರ್ರು ನನ್ ಕೈ ಮುರೀತಾರೆ."

ಆ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಯುಗಾದಿ ಕಳೆದ ಮೇಲೆ ಬಂದ ಕಾನೂನು ಇದು. ಲೈನಿನ ಸಾಲುಮನೆಯ ನಮ್ಮಂಥ ಕೂಲಿಯವರಿಗೆ ಏಟಾಗಲಿ, ಹಾವು ಕಚ್ಚಲಿ, ಹೆರಿಗೆ ನೋವು ಬರಲಿ, ಕಂಪ್ಯೂಟರಿನಿಂದ ಚೀಟಿ ಬಂದರೆ ಮಾತ್ರ ಆಫೀಸಿನ ಮೊಳೆಯಿಂದ ಜೀಪಿನ ಕೀ ಇಳಿಯುತ್ತದೆ. ಹೆಸರು ಒತ್ತಿದರೆ ವಯಸ್ಸು, ಸೇರಿದ ದಿನ, ಬಿಟ್ಟ ದಿನ ಎಲ್ಲವನ್ನೂ ಅದು ತಾನೇ ಹುಡುಕಿ ತರುತ್ತದೆ. ಡ್ರೈವರ್ ಸೋಮಯ್ಯ ಜೀಪಿನ ಹಿಂದೆ ಹುಲ್ಲು ಹಾಸಿ, ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ಹೆತ್ತೂರು ದಾಟಿ ಸಕಲೇಶಪುರ ಮುಟ್ಟುವುದಕ್ಕೆ ಒಂದೂಕಾಲು ಗಂಟೆ ಬೇಕು. ಅಲ್ಲಿಯ ತನಕ ಅಣ್ಣನ ಮೈಯಲ್ಲಿ ರಕ್ತ ಉಳಿಯುತ್ತದೋ ಇಲ್ಲವೋ, ಅದೊಂದೇ ನನ್ನ ತಲೆಯಲ್ಲಿತ್ತು.

ತಪ್ಪು ನನ್ನದು. ಮುಚ್ಚಿಟ್ಟು ಏನಾಗಬೇಕು?

ನನ್ನ ಹೆಸರು ಭೂತಮ್ಮ, ಅಜ್ಜಿಯ ಹೆಸರು. ಹೊಸ ಹೆಸರು ಹುಡುಕುವ ಶೋಕಿ ನಮ್ಮ ಲೈನಿನಲ್ಲಿ ಯಾರಿಗೂ ಇಲ್ಲ. ಸತ್ತ ಅಜ್ಜನ ಹೆಸರು ಮೊದಲ ಗಂಡಿಗೆ, ಅಜ್ಜಿಯ ಹೆಸರು ಮೊದಲ ಹೆಣ್ಣಿಗೆ. ಹೋದವರು ಮನೆಗೆ ವಾಪಸು ಬಂದರು ಅಂತ ಬೆಲ್ಲ ಹಂಚುತ್ತೇವೆ. ಸಕಲೇಶಪುರದಲ್ಲಿ ಆರು ತಿಂಗಳು ನಾನು ಕಂಪ್ಯೂಟರ್ ಕಲಿತೆ. ಅದಕ್ಕೆ ಅವ್ವ ಎರಡು ಕುರಿ ಮಾರಿದಳು. ಸಾವ್ಕಾರ್ರ ಮಗ ನಟರಾಜ್ ಆಫೀಸಿಗೆ ಕಂಪ್ಯೂಟರ್ ತಂದಾಗ, ಹಳೇ ರಿಜಿಸ್ಟರಿನ ಹೆಸರೆಲ್ಲ ಅದಕ್ಕೆ ತುಂಬುವುದಕ್ಕೆ ನನ್ನನ್ನೇ ಕರೆದ. "ಸತ್ತೋರ್ನ ಹಾಕ್ಬ್ಯಾಡ, ಇರೋರ್ನ ಮಾತ್ರ ಹಾಕು" ಅಂದಿದ್ದ. ನಾನೂ ಸತ್ತವರನ್ನು ಬಿಡುತ್ತಾ ಹೋದೆ. ಮೂರನೇ ಹಾಳೆಯಲ್ಲಿ ತಾತ ಸಿಕ್ಕಿದ. ಬೋರಯ್ಯ, ಸೇರಿದ್ದು ಇಷ್ಟನೇ ಇಸವಿ, ಸತ್ತಿದ್ದು ಎಪ್ಪತ್ನಾಲ್ಕು. ನಮ್ಮ ತಾತನ ಹೆಸರು ಈ ಭೂಮಿಯ ಮೇಲೆ ಇನ್ನೆಲ್ಲೂ ಬರೆದಿರಲಿಲ್ಲ. ಪಹಣಿಯಲ್ಲಿಲ್ಲ, ಕಲ್ಲಿನ ಮೇಲಿಲ್ಲ, ಒಂದು ಫೋಟೋ ಕೂಡ ಇಲ್ಲ. ಅವನ ಮೇಲೆ ಬೆರಳಿಟ್ಟು ಕೂತೆ. ಬಿಟ್ಟು ಮುಂದಕ್ಕೆ ಹೋಗಲು ಮನಸ್ಸೇ ಬರಲಿಲ್ಲ. ಒತ್ತಿಬಿಟ್ಟೆ.

ಸಂಜೆ ಮನೆಯಲ್ಲಿ ಹೇಳಿದರೆ ಅವ್ವ, "ಅಯ್ ನಮ್ಮಾವ ಕಂಪೂಟ್ರಿಗ್ ಹೋದ್ನಾ!" ಅಂತ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಹೆಸರು ತುಂಬಿದ್ದು ಮುಗಿದ ಮಾರನೇ ದಿನವೇ ನನ್ನನ್ನು ಗಿಡದ ಬುಡ ಕೆರೆಯಲು ವಾಪಸು ಅಟ್ಟಿದರು. ಹೆಸರು ಹುಡುಕಿ ಚೀಟಿ ತೆಗೆಯುವ ಫಾರ್ಮುಲಾ ಹಾಕಿಕೊಟ್ಟವನು ಹಾಸನದಿಂದ ಬಂದ ಇನ್ಯಾವನೋ.

ನಟರಾಜ್ ಬಂಗಲೆಯಿಂದ ಇಳಿದು ಬಂದ. ಕಣದಲ್ಲಿ ಅಣ್ಣನನ್ನು ದಾಟುವಾಗ ಪ್ಯಾಂಟು ಎತ್ತಿ ಹಿಡಿದುಕೊಂಡ. ಅವ್ವ ಹುಲಿಯಮ್ಮ ಅವನ ಕಾಲಿಗೆ ಬಿದ್ದಳು.

"ಬುದ್ದೀ, ನಿಮ್ ದಮ್ಮಯ್ಯ, ಜೀಪ್ ಕಳ್ಸಿ ಬುದ್ದೀ. ನಂಗ್ ಇರೋ ಗಂಡು ಒಂದೇಯ."

"ಕಾಲ್ ಬುಡು, ರಕ್ತ ಆಯ್ತದೆ" ಅಂದು ಒದರಿಕೊಂಡು ಒಳಗೆ ಬಂದ. ಚಂದ್ರಶೇಖರ ಎದ್ದು ನಿಂತು ಪರದೆ ತೋರಿಸಿದ.

"ಸತ್ತೋರ್ ಹೆಸ್ರು ಯಾರೇ ಹಾಕ್ದೋಳು?"

"ನಾನೇ ಬುದ್ದಿ."

ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಅಂದಿತು. "ನಿಮ್ ಜಾತಿಗ್ ಅಕ್ಷರ ಕಲ್ಸಿದ್ದೇ ತಪ್ಪು" ಅಂದ.

"ಹೊಡೀರಿ ಬುದ್ದಿ, ಆಮ್ಯಾಲ್ ಹೊಡೀರಿ. ಎರಡ್ ನಿಮಿಷ ಬುಡಿ, ಸರಿ ಮಾಡ್ತೀನಿ. ಅದು ಮ್ಯಾಲಿಂದ ಹುಡುಕ್ತಾ ಬತ್ತದೆ, ಮೊದಲ್ ಸಿಕ್ಕಿದ್ ಬೋರಯ್ಯನ್ನೇ ಹಿಡ್ಕತದೆ. ನಮ್ಮಣ್ಣ ಕೆಳಗವ್ನೆ."

ಅವನು ಕುರ್ಚಿಯನ್ನು ಕಾಲಿನಿಂದ ಗೋಡೆಗೆ ತಳ್ಳಿದ. "ನಿಂತ್ಕಂಡೇ ಒತ್ತು."

ಬಗ್ಗಿ ನಿಂತು ಪಟ್ಟಿ ತೆಗೆದೆ. ಹನ್ನೊಂದನೇ ಸಾಲಿನಲ್ಲಿ ತಾತ, ತೊಂಬತ್ನಾಲ್ಕನೇ ಸಾಲಿನಲ್ಲಿ ಅಣ್ಣ. ಹೆಸರಿನ ಬದಲು ಒಬ್ಬೊಬ್ಬ ಕೂಲಿಗೂ ಬೇರೆ ಬೇರೆ ಇರುವ ಟಿಕೆಟ್ ನಂಬರಿನಿಂದ ಹುಡುಕುವ ಹಾಗೆ ಫಾರ್ಮುಲಾ ತಿದ್ದುವುದು ನನಗೆ ಬರುತ್ತಿತ್ತು, ಆದರೆ ಅಷ್ಟು ಹೊತ್ತು ಎಲ್ಲಿತ್ತು? ಕಣದಲ್ಲಿ ಅಣ್ಣನ ಕೂಗು ಸಣ್ಣದಾಗುತ್ತಿತ್ತು. ತಾತನ ಸಾಲನ್ನು ಹಿಡಿದು ಅಳಿಸಿದೆ.

ಈಗ ಅಣ್ಣ ಸಿಕ್ಕಿದ. ಸತ್ತ ತಾರೀಖು ಹೋಯಿತು. ಆದರೆ ಎಷ್ಟು ವರ್ಷ ಕೆಲಸ ಮಾಡಿದ್ದಾನೆ ಅನ್ನುವ ಚೌಕದಲ್ಲಿ ಏನೋ ತಪ್ಪು ಅಂತ ಇಂಗ್ಲಿಷಿನಲ್ಲಿ ಬಂದು ಕೂತಿತು. ಚಂದ್ರಶೇಖರ "ನೋಡಿ ಸಾರ್, ಇನ್ನೂ ಕೆಡಿಸ್ತಾವ್ಳೆ" ಅಂದ. ನಾನು ಅವನ ಕಡೆ ನೋಡಲಿಲ್ಲ. ಸೇರಿದ ದಿನ ಇಪ್ಪತ್ತೈದು, ಆರು, ತೊಂಬತ್ಮೂರು ಅಂತ ನಾವು ಬರೆಯುವ ಹಾಗೆ ಬರೆದಿದ್ದೆ. ಆ ಮಿಷನ್ನು ತಿಂಗಳು ಮೊದಲು, ದಿನ ಆಮೇಲೆ ಓದುವಂಥದ್ದು. ಇಪ್ಪತ್ತೈದನೇ ತಿಂಗಳು ಅಂತ ಒಂದು ಎಲ್ಲೂ ಇಲ್ಲವಲ್ಲ, ಅದಕ್ಕೇ ಅದನ್ನು ತಾರೀಖು ಅಂತಲೇ ಒಪ್ಪಿರಲಿಲ್ಲ. ಆರನ್ನು ಮುಂದಕ್ಕೆ ತಂದು ಇಪ್ಪತ್ತೈದನ್ನು ಹಿಂದಕ್ಕೆ ಹಾಕಿ ಒತ್ತಿದೆ.

ಬಂತು! ಬೋರಯ್ಯ, ಇಪ್ಪತ್ತೇಳು ವರ್ಷ, ಒಂಬತ್ತು ವರ್ಷದಿಂದ ಕೆಲಸದಲ್ಲಿದ್ದಾನೆ.

"ಬಂತು ಕಣವ್ವಾ!" ಅಂತ ಕಿಟಕಿಯಾಚೆಗೆ ಕೂಗಿದೆ. ಸೋಮಯ್ಯ ಕೀಗೆ ಕೈ ಚಾಚಿದ. ನಟರಾಜ್ ಅವನಿಗಿಂತ ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಂಡು, ಚೀಟಿ ತೆಗೆಯಲು ಹೋದ ನನ್ನ ಮಣಿಕಟ್ಟು ಹಿಡಿದ.

"ಚಂದ್ರಶೇಖರ, ಹಗ್ಗ ಯಾವ್ದು ಕೊಟ್ಟಿದ್ದೆ?"

"ಹಳೇದೇ ಸಾರ್. ಹೊಸಾದು ಕೇಳಿದ್ರು... ಮುಂದಿನ್ ವಾರ ಅಂದಿದ್ದೆ."

"ಲೇಬರ್ ಇನ್ಸ್‌ಪೆಕ್ಟರ್ ಬಂದು ಹಗ್ಗ ತೋರ್ಸು ಅಂದ್ರೆ ನಿಮ್ಮಪ್ಪನ್ ತೋರ್ಸ್ತೀಯಾ?" ಅಂದು ನನ್ನ ಕಡೆ ತಿರುಗಿದ. ದನಿ ಮೆತ್ತಗಾಯಿತು. "ನೋಡು ಭೂತಿ, ಕೆಲಸ ಬಿಟ್ಟ ತಾರೀಖು ಅಂತ ಖಾಲಿ ಐತಲ್ಲ, ಅಲ್ಲಿ ನಿನ್ನೆದು ಹಾಕು."

"ನಿನ್ನೆ ಎಲ್ ಬಿಟ್ಟವ್ನೆ ಬುದ್ದಿ? ಈಗ ನಿಮ್ ಮರದಿಂದ್ಲೇ ಬಿದ್ದವ್ನಲ್ಲ!"

"ಹಾಕು ಅಂದೆ."

"ಹಾಕಲ್ಲ."

ಜಡೆ ಹಿಡಿದು ನನ್ನ ಮುಖವನ್ನು ಮೇಜಿಗೆ ಗುದ್ದಿದ. ಒಂದು ಸಲ, ಇನ್ನೊಂದು ಸಲ. ತುಟಿ ಒಡೆದು ಬಾಯಿ ತುಂಬ ಉಪ್ಪು. ಸೋಮಯ್ಯ "ಬ್ಯಾಡಿ ಬುದ್ದಿ, ಹೆಣ್‌ಮಗ" ಅಂತ ಮುಂದೆ ಬಂದ. ಚಂದ್ರಶೇಖರ ಅವನ ಎದೆಗೆ ಒದ್ದು ಮೆಟ್ಟಿಲ ಕೆಳಗೆ ಕೆಡವಿದ. ನಟರಾಜ್ ಜೇಬಿನಿಂದ ಕೀ ತೆಗೆದು ನನ್ನ ಕಣ್ಣ ಮುಂದೆ ಅಲ್ಲಾಡಿಸಿದ.

"ಇಲ್ ನೋಡೇ ಮುಂಡೆ. ನಿನ್ನೆ ತಾರೀಖು ಹಾಕಿದ್ರೆ ಕೀ. ಇಲ್ಲ ಅಂದ್ರೆ ಆ ಕಣದಲ್ಲೇ ಕೊಳೀಲಿ."

ಹೊರಗಿನಿಂದ ಅಣ್ಣ "ಭೂತೀ..." ಅಂದ. ಕೂಗಿದ್ದಲ್ಲ, ನೀರು ಕೇಳುವಾಗ ಕರೆಯುತ್ತಾನಲ್ಲ, ಹಾಗೆ.

ಹಾಕಿದೆ. ನನ್ನ ಕೈಯಾರೆ ಹಾಕಿದೆ. ತಿಂಗಳು ಮೊದಲು, ದಿನ ಆಮೇಲೆ, ಮಿಷನ್ನಿಗೆ ಒಂದು ಚೂರೂ ಅನುಮಾನ ಬರದ ಹಾಗೆ ಸರಿಯಾಗಿ ಹಾಕಿದೆ. ಕಾಫಿ ಕುಡಿಯುತ್ತಾ ಇದನ್ನು ಓದುವವರು ಏನು ಬೇಕಾದರೂ ಅಂದುಕೊಳ್ಳಬಹುದು. ಬೋರಯ್ಯ, ಕೆಲಸದಲ್ಲಿಲ್ಲ ಅಂತ ಪರದೆ ತೋರಿಸಿತು.

"ಕೀ ಕೊಡಿ."

"ತಡಿ." ಅವನು ಇನ್ನೊಂದು ಹಾಳೆ ತೆಗೆಸಿದ. ಬೋರಯ್ಯ ಎಂಬ ನಾನು ಸ್ವಂತ ಇಷ್ಟದಿಂದ ನಿನ್ನೆಯ ದಿನ ಕೆಲಸ ಬಿಟ್ಟಿರುತ್ತೇನೆ ಅಂತ ಅದರಲ್ಲಿತ್ತು. ಮೊದಲೇ ಬರೆದಿಟ್ಟುಕೊಂಡ ಕಾಗದ, ಹೆಸರು ಮತ್ತು ತಾರೀಖನ್ನು ಮಾತ್ರ ಕಂಪ್ಯೂಟರ್ ತುಂಬಿಕೊಟ್ಟಿತು. "ಹೋಗ್ಲಾ ಚಂದ್ರಶೇಖರ, ಹೆಬ್ಬೆಟ್ಟು ಒತ್ತಿಸ್ಕಂಬಾ."

"ನಮ್ಮಣ್ಣ ಸೈನ್ ಹಾಕ್ತಾನೆ, ಹೆಬ್ಬೆಟ್ಟಲ್ಲ" ಅಂದೆ. ಅಂಥ ಹೊತ್ತಿನಲ್ಲೂ ಅದನ್ನು ಹೇಳಬೇಕು ಅನ್ನಿಸಿತು ನನಗೆ.

ಚಂದ್ರಶೇಖರ ಇಂಕ್ ಪ್ಯಾಡಿಗೆ ಅಂತ ಡ್ರಾಯರ್ ಎಲ್ಲ ತಡಕಾಡಿದ. ಸಿಗಲಿಲ್ಲ. ನಟರಾಜ್ ರೇಗಿದ. "ಇಂಕ್ ಯಾಕ್ಲಾ? ಅಲ್ಲಿ ಬೇಕಾದಷ್ಟು ಕೆಂಪು ಐತಲ್ಲ."

ಚಂದ್ರಶೇಖರ ಹೋಗಿ ಬರುವುದಕ್ಕೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಬಂದಾಗ ಕಾಗದದ ಕೆಳಗೆ ಒಂದು ಹೆಬ್ಬೆಟ್ಟು ಇತ್ತು, ಇನ್ನೂ ಹಸಿಯಾಗಿತ್ತು. ನಟರಾಜ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಎದ್ದು ಒಳಗೆ ಬಂದಿದ್ದ ಸೋಮಯ್ಯನ ಕಡೆ ಕೀ ಎಸೆದ. ಸೋಮಯ್ಯ ಹಿಡಿಯಲಿಲ್ಲ. ಕೀ ನೆಲಕ್ಕೆ ಬಿತ್ತು. ಸೋಮಯ್ಯ ಬಾಗಿಲ ಕಡೆ ನೋಡುತ್ತಿದ್ದ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಮೊಣಕೈ ತನಕ ಕೆಂಪು.

"ಜೀಪ್ ಬ್ಯಾಡ ಬುಡು ಸೋಮಯ್ಯ. ಅವ್ನು ಹೋಗ್ಬುಟ್ಟ."

ಅವ್ವ ಚಂದ್ರಶೇಖರನ ಕಡೆ ಕೈ ತೋರಿಸಿದಳು.

"ಈ ನನ್ಮಗ ಬಂದಾಗ್ಲೇ ಹೋಗಿದ್ದ. ಬಾಯಿಗ್ ನೀರ್ ಬುಟ್ಟೆ, ಆಚೆ ಬಂತು. ಬ್ಯಾಡ ಕಣಪ್ಪ, ಉಸ್ರಿಲ್ಲ ಅಂದೆ. ಹೆಣದ್ ಕೈ ಎತ್ತಿ ಒತ್ತಿಸ್ಕಂಡ."

ಚಂದ್ರಶೇಖರ ಗೋಡೆಗೆ ಸರಿದ. ನಟರಾಜ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಪಾಪ, ಹೀಗಾಗಬಾರ್ದಿತ್ತು ಹುಲಿಯಮ್ಮ. ಆದ್ರೂ ನೋಡು, ಅವ್ನು ನಿನ್ನೆನೇ ಕೆಲಸ ಬಿಟ್ಟಿದ್ದ. ಇವತ್ತು ಯಾಕ್ ಮರ ಹತ್ತಿದ್ನೋ ಏನೋ. ಮಣ್ ಮಾಡಕ್ಕೆ ಏನಾರ ಕೊಡ್ತೀನಿ, ಮನೆಗ್ ತಗಂಡೋಗಿ."

ಸೋಮಯ್ಯ ಅವನ ಮುಖಕ್ಕೆ ಗುದ್ದಿದ. ಹದಿನೆಂಟು ವರ್ಷ "ಬುದ್ದಿ" ಅಂದ ಮನುಷ್ಯ ಒಂದೇ ಗುದ್ದಿಗೆ ಅವನ ಮೂಗಿನ ಮೂಳೆ ಮುರಿದ. ಅವನ ಜೇಬಿಗೆ ಕೈ ಹಾಕಿ ನಾನು ಆ ಕಾಗದ ಕಿತ್ತುಕೊಂಡೆ. ಅಡ್ಡ ಬಂದ ಅವನ ಕೈಯನ್ನು ಕಚ್ಚಿದೆ, ಹಲ್ಲಿಗೆ ಮೂಳೆ ಸಿಗುವ ತನಕ ಕಚ್ಚಿದೆ. ಚಂದ್ರಶೇಖರ ಓಡಲು ನೋಡಿದ. ಬಾಗಿಲ ತುಂಬ ಲೈನಿನವರು ಬಂದು ನಿಂತಿದ್ದರು, ಕೈಯಲ್ಲಿ ಕತ್ತಿ ಹಾಗೇ ಇತ್ತು. ಅವನು ಅಲ್ಲೇ ಕುಕ್ಕರಿಸಿದ.

"ತಗಂಬನ್ರೋ ಅವ್ನ ಒಳಿಕ್ಕೆ" ಅಂದಳು ಅವ್ವ.

ನಾಲ್ಕು ಜನ ಅಣ್ಣನನ್ನು ಗೋಣಿಚೀಲದ ಸಮೇತ ಎತ್ತಿ ತಂದರು. ನಾನು ಮೇಜಿನ ಮೇಲಿದ್ದ ರಿಜಿಸ್ಟರು, ಫೋನು, ಹೂದಾನಿ ಎಲ್ಲವನ್ನೂ ತೋಳಿನಿಂದ ಬಾಚಿ ನೆಲಕ್ಕೆ ಕೆಡವಿದೆ. ಅವನನ್ನು ಮೇಜಿನ ಮೇಲೆ ಮಲಗಿಸಿದರು. ಕಾಲು ಆಚೆ ಜೋತಿತು. ತಲೆ ಕಂಪ್ಯೂಟರಿನ ಪಕ್ಕಕ್ಕೆ ಬಂತು.

"ಲೋ ನಟರಾಜ" ಅಂದಳು ಅವ್ವ. ಅವನು ಹುಟ್ಟಿದಾಗ ನೀರೆರೆದು ಮೀಯಿಸಿದವಳು ಅವಳೇ, ಅವನ ಹೆಸರನ್ನು ಬಾಯಿಬಿಟ್ಟು ಕರೆದದ್ದು ಅವತ್ತೇ ಮೊದಲು. "ಕಣ್ ಬುಟ್ಟು ನೋಡ್ಲಾ."

ಸೋಮಯ್ಯ ಕೂದಲು ಹಿಡಿದು ಅವನ ಮುಖವನ್ನು ಪರದೆಗೆ ತಿರುಗಿಸಿದ.

"ಎಲ್ ಒತ್ತಬೇಕು ಮಗಾ?" ಅವ್ವ ನನ್ನನ್ನು ಕೇಳಿದಳು.

ನಾನು ಆ ಚೌಕಕ್ಕೆ ಹೋಗಿ ನನ್ನ ಕೈಯಾರೆ ಹಾಕಿದ್ದನ್ನು ಅಳಿಸಿದೆ. ಕೆಲಸ ಬಿಟ್ಟ ತಾರೀಖು ಮತ್ತೆ ಖಾಲಿಯಾಯಿತು. "ಇಲ್ಲಿ ಅವ್ವ" ಅಂದೆ.

ಅವಳು ಅಣ್ಣನ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿ ಆ ಗುಂಡಿಗಳ ಮೇಲೆ ಇಟ್ಟಳು. "ನೀನೇ ಒತ್ತು ಮಗನೆ. ಯಾವತ್ ಕೆಲಸ ಬುಟ್ಟೆ ಅಂತ ನೀನೇ ಒತ್ತು."

ಕೈ ಭಾರಕ್ಕೆ ಗುಂಡಿಗಳು ಅದುಮಿಕೊಂಡವು. ಚೌಕದಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಬೀಳತೊಡಗಿತು. ಪಕ್ಕದ ಚೌಕಗಳ ಮೇಲೆ ಹರಿಯಿತು, ಪರದೆಯ ಅಂಚಿಗೆ ಮುಟ್ಟಿತು, ನಿಲ್ಲಲಿಲ್ಲ. ಮಿಷನ್ನು ಕೀಂ ಕೀಂ ಅಂತ ಹೊಡೆದುಕೊಳ್ಳಲು ಶುರುಮಾಡಿತು.

"ತೆಗೀರೋ... ಕೈ ತೆಗೀರೋ ಅಲ್ಲಿಂದ" ಅಂತ ನಟರಾಜ್ ಮೂಗಿನ ರಕ್ತದೊಳಗಿಂದ ಗೊಗ್ಗರು ದನಿಯಲ್ಲಿ ಅಂದ.

ಯಾರೂ ಆ ಕೈಯನ್ನು ತೆಗೆಯಲಿಲ್ಲ.