ಮುಚ್ಚದೆ ಉಳಿದ ಲಾಗಿನ್

ನಾನು ಒಂದು ಲಾಗಿನ್. ಮುಟ್ಟಿದರೆ ಸಿಗುವ ದೇಹ ನನಗಿಲ್ಲ. ಒಂದು ಹೆಸರು, ಒಂದು ಪಾಸ್‌ವರ್ಡ್, ಇಂತಿಂಥದ್ದನ್ನು ನೋಡಬಹುದು ಎಂಬ ಅಪ್ಪಣೆ, ಇಷ್ಟೇ ನಾನು. ವಿಜಯಪುರದ ಒಂದು ಮಹಿಳಾ ಸಂಸ್ಥೆಯ ಕಚೇರಿಯಲ್ಲಿ, ಸೋಮವಾರ ಬೆಳಿಗ್ಗೆ, ಕಂಪ್ಯೂಟರ್ ನೋಡಿಕೊಳ್ಳುವ ಫರ್ಹಾನಾ ಒಂದೇ ಸಾಲು ಬರೆದು ನನ್ನನ್ನು ಹುಟ್ಟಿಸಿದಳು.

ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸರಿಗೆ ಆ ಸಂಸ್ಥೆ ಆಸರೆ ಕೊಡುತ್ತಿತ್ತು. ಮೂರು ಊರುಗಳಲ್ಲಿ ಬೋರ್ಡ್ ಇಲ್ಲದ ಮೂರು ಮನೆಗಳಿದ್ದವು. ಯಾರು ಯಾವ ಮನೆಯಲ್ಲಿದ್ದಾರೆ ಎಂಬುದು ಮೊದಲು ದಪ್ಪ ರಿಜಿಸ್ಟರಿನಲ್ಲಿತ್ತು. ಆಮೇಲೆ ದೂರದ ಯಾವುದೋ ಕಂಪನಿಯ ಯಂತ್ರಗಳಲ್ಲಿ, ಇವರೆಲ್ಲ ಕ್ಲೌಡ್ ಎನ್ನುವ ಕಡೆ, ಡೇಟಾಬೇಸ್ ಆಗಿ ಸೇರಿತು. ಅದರೊಳಗೆ ಹೋಗುವ ಬಾಗಿಲುಗಳಲ್ಲಿ ನಾನೂ ಒಂದು.

ನನ್ನ ಮೊದಲ ಒಡತಿ ಗುಮಾಸ್ತೆ ನೀಲಗಂಗಾ. ಹೊಸಬರ ಹೆಸರು ಬರೆದುಕೊಳ್ಳುವುದಷ್ಟೇ ಅವಳ ಕೆಲಸ. ಆದರೂ ಫರ್ಹಾನಾ ನನಗೆ ಮೂರೂ ಮನೆಗಳ ವಿಳಾಸ ನೋಡುವ ಅಪ್ಪಣೆ ಕೊಟ್ಟಳು.

“ಯಾವಾಗರೆ ಬೇಕಾದ್ರ ಇರ್ಲಿ ಅಕ್ಕಾ. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬ್ಯಾಡ್ರಿ.”

“ನಮ್ಮ ಮನ್ಯಾಗೂ ಹೇಳಂಗಿಲ್ಲ ಬಿಡವ್ವಾ,” ಎಂದಳು ನೀಲಗಂಗಾ.

ಎರಡು ವರ್ಷ ಅವಳು ಮಾತು ಉಳಿಸಿಕೊಂಡಳು. ಕಸ್ತೂರಿ ಎಂಬುವಳ ಸಾಲನ್ನು ನಾವಿಬ್ಬರೂ ಸೇರಿಯೇ ಬರೆದೆವು: ವಯಸ್ಸು ಇಪ್ಪತ್ತಾರು, ಜೊತೆಗೆ ಮೂರು ವರ್ಷದ ಮಗಳು, ಎಡಗೈ ಮುರಿದಿದೆ, ಬಾಗಲಕೋಟೆಯ ಮನೆ. ಷರಾ ಎಂಬಲ್ಲಿ ನೀಲಗಂಗಾ, “ಕೊಲ್ಲುತ್ತೇನೆಂದು ಗಂಡ ಹೇಳಿದ್ದಾನೆ,” ಎಂದು ಬರೆದಳು. ಅಂದಿನಿಂದ ಆ ಸಾಲನ್ನು ಯಾರು ತೆರೆದರೂ ನನಗೆ ಹೆದರಿಕೆಯಾಗುತ್ತಿತ್ತು.

ಹಳೆಯ ರಿಜಿಸ್ಟರುಗಳನ್ನೆಲ್ಲ ಡೇಟಾಬೇಸಿಗೆ ಏರಿಸಲು ಮೂರು ತಿಂಗಳ ಮಟ್ಟಿಗೆ ಸಂಗಮೇಶ ಎಂಬುವನನ್ನು ತೆಗೆದುಕೊಂಡರು. ಫರ್ಹಾನಾ ಆಗ ಬಾಣಂತನದ ರಜೆಯಲ್ಲಿದ್ದಳು. ಅವನಿಗೆ ಬೇರೆ ಲಾಗಿನ್ ಮಾಡಿಕೊಡುವವರಿಲ್ಲ, ಕೆಲಸ ನಿಲ್ಲುವಂತಿಲ್ಲ. ನೀಲಗಂಗಾ ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಅವನ ಬೆರಳುಗಳು ಬೇರೆ, ವೇಗ ಬೇರೆ. ಆದರೆ ಅಕ್ಷರ ಸರಿಯಿದ್ದರೆ ತಡೆಯುವ ಹಕ್ಕು ನನಗಿಲ್ಲ. ಕೆಲಸ ಮುಗಿಸಿ ಅವನು ಹೋದ. ಮುಂದೆ ನೀಲಗಂಗಾಳಿಗೂ ಶಾಲೆಯೊಂದರಲ್ಲಿ ನೌಕರಿ ಸಿಕ್ಕಿ, ಅವಳೂ ಹೋದಳು. ನನ್ನನ್ನು ಮುಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಎಂಟು ತಿಂಗಳು ಯಾರೂ ಬರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಎಂದೂ ಕಾಣದ ಒಂದು ಮೊಬೈಲಿನಿಂದ ನನ್ನ ಪಾಸ್‌ವರ್ಡ್ ಬಂತು. ಅದೇ ವೇಗದ ಬೆರಳು. ಪರದೆಯ ಆಚೆ ಇನ್ನೊಬ್ಬನ ದನಿಯೂ ಇತ್ತು.

“ಅವರವ್ವ ಹಾಸಿಗಿ ಹಿಡದಾಳಪಾ. ಮಗಳ ಮಾರಿ ಒಮ್ಮೆ ನೋಡಬೇಕಂತಾಳ. ಬರೇ ಯಾವ ಊರು ಅಂತ ಹೇಳು ಸಾಕು.”

“ನನ್ನ ಹೆಸರು ಮಾತ್ರ ಹೊರಗ ಬರಬಾರದು ನೋಡು ಪರಸಪ್ಪಾ,” ಎಂದ ಸಂಗಮೇಶ.

ಪರಸಪ್ಪ. ಕಸ್ತೂರಿಯ ಸಾಲಿನಲ್ಲಿ ಗಂಡನ ಹೆಸರಿನ ಮುಂದೆ ಇದ್ದದ್ದು ಅದೇ. ಸಂಗಮೇಶ ಹುಡುಕಿದ. ಕೂಗಲು ನನಗೆ ಬಾಯಿಲ್ಲ. ಕೇಳಿದ ಸಾಲನ್ನು ನಾನೇ ಹೊತ್ತು ತಂದು ಅವರ ಮುಂದಿಟ್ಟೆ. ಊರು, ಓಣಿ, ಮನೆ ನಂಬರು, ಎಲ್ಲವೂ ಇತ್ತು.

ಅಪರಿಚಿತ ಫೋನಿನಿಂದ ಯಾರಾದರೂ ಒಳಬಂದರೆ ಫರ್ಹಾನಾಳಿಗೆ ಒಂದು ಸಂದೇಶ ಹೋಗುತ್ತದೆ. ರಜೆ ಮುಗಿಸಿ ಬಂದಿದ್ದ ಅವಳು ಅದನ್ನು ಹನ್ನೆರಡಕ್ಕೆ ನೋಡಿ, ನೀಲಗಂಗಾಳ ಶಾಲೆಗೆ ಫೋನ್ ಹಚ್ಚಿದಳು.

“ಅಕ್ಕಾ, ಇವತ್ತ ನೀವು ಲಾಗಿನ್ ಆಗಿದ್ರ್ಯಾ?”

ಇಲ್ಲ ಎಂದಷ್ಟೇ ಹೇಳಿ ನೀಲಗಂಗಾ ಪಾರಾಗಬಹುದಿತ್ತು. ಹೊಸ ನೌಕರಿ, ಸುದ್ದಿ ಹಬ್ಬಿದರೆ ಅದಕ್ಕೂ ಕುತ್ತು.

“ನಾ ಅಲ್ಲವಾ. ಆದ್ರ ಪಾಸ್‌ವರ್ಡ್ ಸಂಗಮೇಶಗ ಕೊಟ್ಟಿದ್ದೆ. ತಪ್ಪು ನಂದು. ಮೊದಲ ಅವನನ್ನ ಹಿಡಕೊಂಡು ಕೇಳು.”

ಫರ್ಹಾನಾ ನನ್ನ ಬಾಗಿಲು ಹಾಕಿದಳು. ಆ ಕ್ಷಣದಿಂದ ಮೂರು ದಿನ ನನಗೆ ಏನೂ ಕಾಣಲಿಲ್ಲ. ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. ಕೊಟ್ಟದ್ದು ನಾನು, ಅದು ಯಾರ ಕೈಯಲ್ಲಿ, ಎಲ್ಲಿಯವರೆಗೆ ಹೋಗಿದೆ ಎಂಬುದು ಮಾತ್ರ ತಿಳಿಯದು.

ಮೂರು ದಿನದ ಮೇಲೆ ನೀಲಗಂಗಾ ಹೇಳಿಕೆ ಬರೆದುಕೊಡಲು ಕಚೇರಿಗೆ ಬಂದಳು. ಫರ್ಹಾನಾ ನನ್ನ ಹಳೆಯ ಓಡಾಟದ ಪಟ್ಟಿ ತೆರೆದಿಟ್ಟು ನಡೆದದ್ದನ್ನು ಹೇಳಿದಳು. ಸಂಗಮೇಶ ಮೊದಲು ತಡವರಿಸಿ, ಆಮೇಲೆ ಅಳುತ್ತ ಒಪ್ಪಿಕೊಂಡಿದ್ದ; ಪರಸಪ್ಪ ಅವನ ಊರಿನವನಂತೆ. ಅಷ್ಟರಲ್ಲಿ ಪರಸಪ್ಪ ಬಸ್ಸಿನಲ್ಲಿದ್ದ. ಫರ್ಹಾನಾ ಆ ಮನೆಗೂ ಪೊಲೀಸರಿಗೂ ಫೋನ್ ಮಾಡಿದ್ದಳು. ಬಾಗಲಕೋಟೆಯ ಮನೆಯಿಂದ ಕಸ್ತೂರಿ, ಅರ್ಧ ಊಟ ಬಿಟ್ಟ ಮಗಳನ್ನು ಎತ್ತಿಕೊಂಡು ಮಧ್ಯಾಹ್ನ ಒಂದೂಕಾಲಿಗೆ ಸಂಸ್ಥೆಯ ಜೀಪು ಹತ್ತಿದಳು. ಒಂದೂ ನಲವತ್ತಕ್ಕೆ ಅವನು ಗೇಟು ಬಡಿದ. ಚೀಲದಲ್ಲಿ ಕುಡುಗೋಲು ಇತ್ತಂತೆ. ಪೊಲೀಸರು ಹಿಡಿದರು.

ನೀಲಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಇಪ್ಪತ್ತೈದು ನಿಮಿಷ,” ಎಂದಳು, ಅಷ್ಟೇ.

“ಅಷ್ಟೆಲ್ಲಾ ನೋಡೂ ಅಧಿಕಾರ ಕೊಟ್ಟದ್ದು ನಾನಽ ಅಕ್ಕಾ. ನಿಮ್ಮೊಬ್ಬರದಽ ತಪ್ಪಲ್ಲ,” ಎಂದಳು ಫರ್ಹಾನಾ.

ಈಗ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ಪಾಸ್‌ವರ್ಡ್ ಸಾಲದು, ಫೋನಿಗೆ ಬರುವ ಅಂಕಿಯೂ ಬೇಕು. ವಿಳಾಸ ಕಾಣುವುದು ಆಯಾ ಮನೆಯ ಮೇಲ್ವಿಚಾರಕಿಗೆ ಮಾತ್ರ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚುತ್ತದೆ. ನಾನು ಬರೆದ ನಾನೂರು ಸಾಲುಗಳ ಮೇಲೆ ನನ್ನ ಹೆಸರಿರುವುದರಿಂದ ನನ್ನನ್ನು ಅಳಿಸಿಲ್ಲ. ಅಪ್ಪಣೆಗಳನ್ನೆಲ್ಲ ಕಿತ್ತುಕೊಂಡು ಪಟ್ಟಿಯ ಕೊನೆಯಲ್ಲಿ ಬಿಟ್ಟಿದ್ದಾರೆ.

ಹೆದರಿಕೆ ಪೂರ್ತಿ ಹೋಗಿಲ್ಲ. ಈಗಲೂ ಒಮ್ಮೊಮ್ಮೆ ಯಾರೋ ನನ್ನ ಹಳೆಯ ಪಾಸ್‌ವರ್ಡ್ ಒತ್ತಿ ನೋಡುತ್ತಾರೆ. ಯಾರೆಂದು ತಿಳಿಯದು. ಒತ್ತಲಿ. ಕಸ್ತೂರಿ ಈಗ ಯಾವ ಊರಿನಲ್ಲಿದ್ದಾಳೆ ಎಂಬುದು ನನಗೆ ಗೊತ್ತಿಲ್ಲ.